ಕಸದಿಂದ ರಸ ಮಾಡಲು ಅಂಗಡಿಗೆ ಯಾಕೆ ಹೋಗಬೇಕು?



ಕಳೆದ ತಿಂಗಳು ನಮ್ಮ ಶಾಲೆಯಲ್ಲಿ 'ಕಸದಿಂದ ರಸ' ವಸ್ತು ಪ್ರದರ್ಶನ ನಡೆಯಿತು. ಊರಿನ ಹಿರಿಯರೂ ತಾಯಂದಿರೂ ಬಂದು ನೋಡಿದರು. ಅದರಲ್ಲಿ ನನಗೆ ಮೊದಲನೇ ಬಹುಮಾನ ಬಂತು. ಬಹುಮಾನ ಬಂದವರು ಸುಮ್ಮನೆ ಖುಷಿಯಾಗಿ ಇರಬೇಕು. ಆದರೆ ನನಗೆ ಒಂದು ಮಾತು ಹೇಳಬೇಕಾಗಿದೆ. ಎಲ್ಲರ ಮುಂದೆ ನಿಂತು ಹೇಳಲು ಧೈರ್ಯ ಸಾಲಲಿಲ್ಲ. ಅದಕ್ಕೇ ನಮ್ಮ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಮಾಡಿದ್ದು ಸರಸ್ವತಿಯ ಕಿರೀಟ ಮತ್ತು ಕೊರಳ ಹಾರ. ನೋಡಿದವರೆಲ್ಲ ಭಾಳ ಚೆಂದ ಐತಿ ಅಂದರು. ಈಗ ಅದರ ಲೆಕ್ಕ ಕೇಳಿರಿ. ಥರ್ಮಕೋಲ್ ಹಾಳೆ ಎರಡಕ್ಕೆ 60 ರೂಪಾಯಿ. ಮಿಂಚುವ ಕಾಗದಕ್ಕೆ 30 ರೂಪಾಯಿ. ಬಂಗಾರ ಬಣ್ಣದ ಲೇಸು ಮತ್ತು ಪ್ಲಾಸ್ಟಿಕ್ ಮುತ್ತಿಗೆ 50 ರೂಪಾಯಿ. ಅಂಟಿಗೆ 20 ರೂಪಾಯಿ. ಒಟ್ಟು 160 ರೂಪಾಯಿ. ಎಲ್ಲವನ್ನೂ ಅಪ್ಪ ಸಂತೆಗೆ ಹೋದಾಗ ತಂದುಕೊಟ್ಟರು. ಹಾಗಾದರೆ ಇದರಲ್ಲಿ ಕಸ ಯಾವುದು? ಒಳಗೆ ಆಧಾರಕ್ಕೆ ಇಟ್ಟಿದ್ದ ಒಂದು ಹಳೇ ರಟ್ಟಿನ ಡಬ್ಬಿ ಮಾತ್ರ. ಅದೂ ಹೊರಗೆ ಕಾಣುತ್ತಿರಲಿಲ್ಲ.

ಮನೆಯಲ್ಲಿ ಕಿರೀಟ ನೋಡಿದ ನಮ್ಮ ಅಜ್ಜಿ, "ಇದರಾಗ ಕಸ ಎಲ್ಲೈತವಾ? ಎಲ್ಲಾ ಹೊಸಾದ ಐತಲ್ಲ!" ಅಂದಳು. ನನಗೆ ಆಗ ಸಿಟ್ಟು ಬಂದಿತ್ತು. ಈಗ ಅಜ್ಜಿ ಹೇಳಿದ್ದೇ ಖರೆ ಅನಿಸುತ್ತಿದೆ.

ಪ್ರದರ್ಶನದ ದಿನ ನನ್ನ ಪಕ್ಕದಲ್ಲೇ ನನ್ನ ಗೆಳತಿ ಒಂದು ಮಣಿಸರ ಇಟ್ಟಿದ್ದಳು. ಅದು ಹಳೇ ಕ್ಯಾಲೆಂಡರಿನಿಂದ ಮಾಡಿದ್ದು. ದೇವರ ಚಿತ್ರಕ್ಕೆ ಕತ್ತರಿ ಹಾಕಬಾರದೆಂದು ಅದನ್ನು ಬಿಟ್ಟು, ತಾರೀಖಿನ ಹಾಳೆ ಮಾತ್ರ ತಗೊಂಡಿದ್ದಳು. ಅವಳು ನನಗೆ ಮಾಡುವ ಕ್ರಮ ಹೇಳಿಕೊಟ್ಟಳು. ಹಾಳೆಯನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಬೇಕು. ಅಗಲವಾದ ತುದಿಯಿಂದ ಕಸಬರಿಗೆ ಕಡ್ಡಿಗೆ ಬಿಗಿಯಾಗಿ ಸುತ್ತಬೇಕು. ಮೊದಲನೇ ಸುತ್ತಿಗೆ ಅಂಟು ಹಚ್ಚಬಾರದು, ಹಚ್ಚಿದರೆ ಕಡ್ಡಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟು ಸವರುತ್ತ ಸುತ್ತಬೇಕು. ಚೂಪಾದ ತುದಿ ಕಡೆಗೆ ನಟ್ಟ ನಡುವೆ ಬಂದರೆ ಮಣಿ ನಡುವೆ ದಪ್ಪ, ಎರಡೂ ಕಡೆ ಸಣ್ಣ ಆಗುತ್ತದೆ. ಕಡ್ಡಿ ಎಳೆದರೆ ದಾರ ಪೋಣಿಸುವ ತೂತು ತಾನಾಗಿಯೇ ಉಳಿಯುತ್ತದೆ. ಒಂದೊಂದು ಹಾಳೆಯಲ್ಲಿ 40 ಮಣಿ ಆದವಂತೆ. ಆ ಬಿಳಿ ಮಣಿಗಳ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ, ಅಲ್ಲಲ್ಲಿ ಕೆಂಪು ಚುಕ್ಕೆ. ಕೆಂಪು ಅಂದರೆ ರವಿವಾರಗಳು!

ಅವಳಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ನಿರ್ಣಾಯಕರದು ತಪ್ಪು ಎಂದು ನಾನು ಹೇಳುವುದಿಲ್ಲ. ದೂರದಿಂದ ನೋಡಿದರೆ ಹೊಳೆಯುವುದೇ ಕಣ್ಣಿಗೆ ಬೀಳುತ್ತದೆ. ಯಾವುದು ಎಲ್ಲಿಂದ ಬಂತು ಎಂದು ಕೇಳುವ ನಿಯಮವೇ ಇರಲಿಲ್ಲ.

ಎಂಟು ದಿನದ ಮೇಲೆ ಏನಾಯಿತು? ನನ್ನ ಕಿರೀಟ ಮುರಿದು ತಿಪ್ಪೆ ಸೇರಿತು. ಗಾಳಿಗೆ ಥರ್ಮಕೋಲಿನ ಬಿಳಿ ಕಾಳು ಹಾರಿ ಪಕ್ಕದ ಹೊಲದಲ್ಲೆಲ್ಲ ಬಿದ್ದವು. ಥರ್ಮಕೋಲ್ ಮಣ್ಣಿನಲ್ಲಿ ಕೊಳೆಯುವಂಥದ್ದಲ್ಲ. ಸುಟ್ಟರೆ ಅದರ ಹೊಗೆ ವಿಷ. ಅಲಂಕಾರಕ್ಕೆ ಥರ್ಮಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ. ಅಂದರೆ ಕಸದಿಂದ ರಸ ಮಾಡಲು ಹೋಗಿ ನಾನು ಊರಿಗೆ ಇಲ್ಲದ ಕಸವನ್ನು ತಂದು ಹಾಕಿದೆ. ನನ್ನ ಗೆಳತಿಯ ಸರ ಮಾತ್ರ ಇನ್ನೂ ಅವಳ ತಂಗಿಯ ಕೊರಳಲ್ಲಿ ಇದೆ.

ಹಳೇ ವಸ್ತುವಿನಿಂದ ಚೆಂದದ ವಸ್ತು ಮಾಡುವುದು ನಮ್ಮ ಹಿರಿಯರಿಗೆ ಹೊಸ ವಿದ್ಯೆ ಅಲ್ಲ. ನಮ್ಮ ಅಜ್ಜಿ ಹೊಲಿದ ಕೌದಿ ನೋಡಿರಿ. ಹರಿದ ಸೀರೆ, ಸವೆದ ಧೋತರ, ನಾವು ಸಣ್ಣವರಿದ್ದಾಗ ಹಾಕಿದ ಅಂಗಿ, ಎಲ್ಲವೂ ಅದರಲ್ಲಿ ಇವೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ತಾಯಂದಿರು ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಹೂವನ್ನು ಹೊಲಿಯುತ್ತಾರೆ. ಹೂವು ಇಲ್ಲದ ಕೌದಿ ಅವರಿಗೆ ಪೂರ್ತಿ ಆದಂತೆ ಅಲ್ಲ. ಲಂಬಾಣಿ ತಾಯಂದಿರು ಕನ್ನಡಿ ಚೂರು, ಕವಡೆ, ನಾಣ್ಯ ಹೊಲಿದು ಉಡುಪನ್ನೇ ಒಡವೆಯಂತೆ ಮಾಡುತ್ತಾರೆ.

ಗುರುಗಳು ಒಮ್ಮೆ ತರಗತಿಯಲ್ಲಿ ನೇಕ್ ಚಂದ್ ಅವರ ವಿಷಯ ಹೇಳಿದ್ದರು. ಅವರು ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ಆ ಹೊಸ ನಗರ ಕಟ್ಟುವಾಗ ಹಳೇ ಹಳ್ಳಿಗಳನ್ನು ಕೆಡವಿದ್ದರು. ಅಲ್ಲಿ ಬಿದ್ದಿದ್ದ ಒಡೆದ ಹಂಚು, ಪಿಂಗಾಣಿ ಚೂರು, ಬಳೆ ಚೂರುಗಳನ್ನು ಅವರು ಸೈಕಲ್ ಮೇಲೆ ಹೊತ್ತು ತಂದು, ಕಾಡಿನಲ್ಲಿ ಗುಟ್ಟಾಗಿ ಗೊಂಬೆಗಳನ್ನು ಮಾಡತೊಡಗಿದರು. ಶುರು ಮಾಡಿದ್ದು 1957ರಲ್ಲಿ. ಸರಕಾರಕ್ಕೆ ಗೊತ್ತಾಗಿದ್ದು ಸುಮಾರು 18 ವರ್ಷದ ಮೇಲೆ! ಅದನ್ನು ಕೆಡವದೆ, 1976ರಲ್ಲಿ ಜನರು ನೋಡಲು ತೆರೆದರು. ಅದೇ ರಾಕ್ ಗಾರ್ಡನ್. 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು, ಗೊಂಬೆಗಳು ಈಗಲೂ ಇವೆ. ಅವರು ಗೊಂಬೆ ಮಾಡಲು ಹೊಸ ಬಳೆ ಕೊಂಡು ಒಡೆಯಲಿಲ್ಲ ಎಂಬುದನ್ನು ನಾವು ಮರೆಯಬಾರದು.

ನಮ್ಮಲ್ಲಿ ಆಗಿದ್ದು ಇದಕ್ಕೆ ಉಲ್ಟಾ. ಹಾರ ಮಾಡಲು ಹೊಳೆಯುವ ಪಾಕೀಟು ಬೇಕೆಂದು ನಾಲ್ಕನೇ ತರಗತಿಯ ಹುಡುಗರು 12 ಪಾಕೀಟು ಚಿಪ್ಸ್ ಕೊಂಡು ತಿಂದರು. ಇದು ಕಸದಿಂದ ರಸ ಅಲ್ಲ, ರಸಕ್ಕಾಗಿ ಕಸ! ಇನ್ನೊಬ್ಬರು ಬೆಳೆಗೆ ಹೊಡೆಯುವ ಎಣ್ಣಿ ಡಬ್ಬಿಯಲ್ಲಿ ಪೆನ್ನಿನ ಸ್ಟ್ಯಾಂಡ್ ಮಾಡಿದ್ದರು. ತೊಳೆದರೂ ಅದರ ವಿಷ ಪೂರ್ತಿ ಹೋಗುವುದಿಲ್ಲ. ಉಂಗುರಕ್ಕೆ ತಾಮ್ರ ಬೇಕೆಂದು ವಾಯರ್ ಸುಡುವವರೂ ಇದ್ದಾರೆ. ಆ ಹೊಗೆಯೂ ಎದೆಗೆ ಕೆಟ್ಟದ್ದು.

ಕೆಲವರು, "ಊರ ಜನ ನೋಡಾಕ ಬರ್ತಾರ, ಚೆಂದ ಕಾಣಬ್ಯಾಡೇನು?" ಎಂದು ಕೇಳಬಹುದು. ಕಾಣಬೇಕು, ಇಲ್ಲ ಅನ್ನುವುದಿಲ್ಲ. ಸೂಜಿ, ದಾರ, ಅಂಟು ಕೊಳ್ಳಲೇಬೇಕು, ಅದೂ ಖರೆ. ಆದರೆ ರೊಕ್ಕ ಇದ್ದವರೇ ಗೆಲ್ಲುವುದಾದರೆ ಅದು ಕೈಕೆಲಸದ ಸ್ಪರ್ಧೆ ಹೇಗಾಗುತ್ತದೆ? ಕಸ ಎಲ್ಲರ ಮನೆಯಲ್ಲೂ ಇದೆ. ಬಡವರು ಶ್ರೀಮಂತರು ಅನ್ನದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವ ಸ್ಪರ್ಧೆ ಇದೊಂದೇ. ಅದನ್ನೂ ನಾವು ಕೆಡಿಸಬಾರದು.

ಆದ್ದರಿಂದ ಮುಂದಿನ ವರ್ಷಕ್ಕೆ ಈ ನಿಯಮ ಮಾಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ:

1. ಸೂಜಿ, ದಾರ, ಅಂಟು ಬಿಟ್ಟು ಬೇರೆ ಏನನ್ನೂ ಕೊಳ್ಳಬಾರದು. ಖರ್ಚು 10 ರೂಪಾಯಿ ಮೀರಬಾರದು.

2. ಇದು ಮೊದಲು ಏನಾಗಿತ್ತು, ಎಲ್ಲಿ ಸಿಕ್ಕಿತು ಎಂದು ಚೀಟಿ ಬರೆದು ಪಕ್ಕದಲ್ಲಿ ಇಡಬೇಕು.

3. ಎಣ್ಣಿ ಡಬ್ಬಿ, ಬ್ಯಾಟರಿ ಸೆಲ್, ಟ್ಯೂಬ್‌ಲೈಟು, ಸೂಜಿಮದ್ದಿನ ಸಿರಿಂಜು ತರಬಾರದು. ಏನನ್ನೂ ಸುಡಬಾರದು.

4. ಪ್ರದರ್ಶನ ಮುಗಿದ ಮೇಲೆ ವಸ್ತುವನ್ನು ತಿಪ್ಪೆಗೆ ಎಸೆಯದೆ ಬಳಸಬೇಕು.

ನನಗೆ ಬಂದ ಸ್ಟೀಲ್ ಡಬ್ಬಿಯನ್ನು ನನ್ನ ಗೆಳತಿಗೆ ಕೊಡಲು ಹೋಗಿದ್ದೆ. "ನನಗ್ಯಾಕ ಅದು? ನಿಮ್ಮ ಮನ್ಯಾಗ ಹಳೇ ಕ್ಯಾಲೆಂಡರ್ ಇದ್ರ ಕೊಡು" ಅಂದಳು. ಕೊಟ್ಟಿದ್ದೇನೆ. ಜನವರಿ ಬಂದರೆ ನಿಮ್ಮೆಲ್ಲರ ಮನೆಯಲ್ಲೂ ಹಳೇ ಕ್ಯಾಲೆಂಡರ್ ಮೊಳೆಯಿಂದ ಇಳಿಯುತ್ತದೆ. ಅದನ್ನು ಒಲೆಗೆ ಹಾಕದೆ ಶಾಲೆಗೆ ತನ್ನಿರಿ. ಮಣಿ ಮಾಡುವುದನ್ನು ನಾವಿಬ್ಬರೂ ಕಲಿಸುತ್ತೇವೆ.

ತಪ್ಪಿದ್ದರೆ ಕ್ಷಮಿಸಬೇಕು ಎಂದು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ.

ಇಂತಿ ನಿಮ್ಮವಳು,
ಏಳನೇ ತರಗತಿಯ ವಿದ್ಯಾರ್ಥಿನಿ