ವಿಟನ ಸಾಕ್ಷ್ಯ

ಹೊನ್ನಾವರಕ್ಕೆ ಸಮೀಪದ ಅಪ್ಸರಕೊಂಡಕ್ಕೆ ಆ ಹೆಸರು ಬಂದದ್ದು, ಅಲ್ಲಿಯ ಅಬ್ಬಿಯ ಕೆಳಗಿನ ಕೊಂಡದಲ್ಲಿ ಅಪ್ಸರೆಯರು ಮೀಯುತ್ತಿದ್ದರೆಂಬ ಪ್ರತೀತಿಯಿಂದ. ಪುರಾಣಗಳಲ್ಲಿ ರಂಭೆ ಊರ್ವಶಿಯರು ನಮಗೆ ಕಾಣಸಿಗುವುದು ಬಹುಮಟ್ಟಿಗೆ ಇಂದ್ರನ ಓಲಗದಲ್ಲಿ, ಇಲ್ಲವೆ ಅವನ ಅಪ್ಪಣೆಯಂತೆ ಯಾವನೋ ಋಷಿಯ ತಪಸ್ಸನ್ನು ಕೆಡಿಸುವ ಕಾರ್ಯದಲ್ಲಿ. ಈ ಊರಿನ ಐತಿಹ್ಯದಲ್ಲಿ ಮಾತ್ರ ಅವರು ಕೆಲಸ ಮುಗಿಸಿದವರಂತೆ ಮೀಯಲು ಬಂದಿದ್ದಾರೆ, ಮೆಚ್ಚುವುದಕ್ಕೆ ಇಂದ್ರನಿಲ್ಲ.

ಈಚೆಗೆ ಇಲ್ಲಿಯ ಗುಡ್ಡದ ಮೇಲೆ ಹಿರಿಯ ಪರಿಚಿತರೊಬ್ಬರು ಮಾತಿಗೆ ಸಿಕ್ಕಿದರು. ವ್ಯಾಪಾರದ ನಿಮಿತ್ತ ಅನೇಕ ವರ್ಷ ಜಪಾನಿಗೆ ಹೋಗಿಬಂದವರು. ಅಲ್ಲಿನ ರಾತ್ರಿಯ ವಿಲಾಸಗೃಹಗಳಲ್ಲಿ ತಾವು ಹಳೆಯ ಗಿರಾಕಿಯೆಂಬುದನ್ನು ಅವರು ಮುಚ್ಚಿಡಲಿಲ್ಲ. ಯಾವ ಮನೆಯ ಉಪಚಾರ ಹೇಗೆ, ಮದ್ಯ ಬಗ್ಗಿಸುವ ಹುಡುಗಿ ಯಾವ ಮಾತಿಗೆ ನಗುತ್ತಾಳೆ, ಎಲ್ಲವನ್ನೂ ರಸವತ್ತಾಗಿ ವರ್ಣಿಸಿ, "ಅವರಿಗೂ ಅದರಲ್ಲಿ ಸಂತೋಷವೇ ಮಾರಾಯರೆ, ನಾನು ಬಲ್ಲೆ" ಎಂದರು.

ಈ "ನಾನು ಬಲ್ಲೆ" ಎಂಬ ಮಾತು ಬಹು ಹಳೆಯದು. 1922ರಲ್ಲಿ ಅಚ್ಚಾದ ಸಂಸ್ಕೃತ "ಚತುರ್ಭಾಣಿ"ಯಲ್ಲಿ "ಧೂರ್ತವಿಟಸಂವಾದ"ವೆಂಬುದೊಂದು ಭಾಣವಿದೆ. ಮಳೆಗಾಲದ ಬೇಸರ ಕಳೆಯಲು ಹೊರಟ ವಿಟನೊಬ್ಬನು ಗಣಿಕೆಯರ ಮನಸ್ಸಿನ ವಿಷಯವಾಗಿ ಕೇಳಿದ ಪ್ರಶ್ನೆಗಳಿಗೆಲ್ಲ ಶಾಸ್ತ್ರಜ್ಞನಂತೆ ಉತ್ತರ ಕೊಡುತ್ತಾನೆ. ಭಾಣದಲ್ಲಿ ರಂಗಕ್ಕೆ ಬರುವ ನಟ ಒಬ್ಬನೇ. ಎದುರಿಗೆ ಯಾರೂ ಇಲ್ಲದಿದ್ದರೂ "ಏನೆನ್ನುತ್ತೀ?" ಎಂದು ಆಕಾಶಕ್ಕೆ ಕೇಳಿ, ಉತ್ತರವನ್ನೂ ತಾನೇ ಹೇಳಬೇಕು. ಹೆಣ್ಣು ಆಡಿದಳೆಂಬ ಮಾತು ನಮ್ಮ ಕಿವಿಗೆ ಬೀಳುವುದು ವಿಟನ ಬಾಯಿಂದಲೇ. ಹಿರಿಯರ ಕಥನವೂ ಇಂಥದೊಂದು ಭಾಣವೆಂದು ನನಗೆ ತೋರಿತು. ಅವರು ಸುಳ್ಳಾಡಿದರೆಂದು ನನ್ನ ಆಕ್ಷೇಪವಿಲ್ಲ. ಆದರೆ ಆ ಹುಡುಗಿಯ ನಗೆ ಅವರು ತೆತ್ತ ಹಣದ ಲೆಕ್ಕಕ್ಕೇ ಸೇರಿದ್ದು. ಕೊಂಡವನು ಅದನ್ನೇ ಸಾಕ್ಷ್ಯವಾಗಿ ತಂದರೆ ಒಪ್ಪುವುದೆಂತು?

ಜಪಾನಿನಲ್ಲಿಯೂ ಕಥೆ ಹೀಗೆಯೇ. ಈಗಿನ ಟೋಕಿಯೋ ಆಗಿರುವ ಎದೋ ನಗರದಲ್ಲಿ ಹದಿನೇಳನೆಯ ಶತಮಾನದಲ್ಲಿ ಯೋಶಿವಾರವೆಂಬ ಕೇರಿ ಸರಕಾರದ ಪರವಾನಗಿಯಿಂದಲೇ ಹುಟ್ಟಿತು. ಗಿರಾಕಿಗಳಿಗೆಂದು ಗಣಿಕೆಯರ ಹೆಸರನ್ನೂ ದರ್ಜೆಯನ್ನೂ ಪಟ್ಟಿಮಾಡಿದ "ಸೈಕೆನ್" ಎಂಬ ಕೈಪಿಡಿಗಳು ಅಚ್ಚಾಗುತ್ತಿದ್ದವು. ಅದೇ ಕೇರಿಯಲ್ಲಿ ಸತ್ತ ಅನಾಥೆಯರನ್ನು ಒಯ್ದು ಹಾಕುತ್ತಿದ್ದ ಜೋಕನ್‌ಜಿ ದೇವಾಲಯಕ್ಕೆ "ಎಸೆಯುವ ಗುಡಿ"ಯೆಂದೇ ಅಡ್ಡಹೆಸರು ಬಿದ್ದಿತು. ಕೈಪಿಡಿ ಬರೆದವನಿಗೆ ಆ ಗುಡಿಯ ದಾರಿ ಹೇಳುವ ಅಗತ್ಯವೇನಿತ್ತು? 1958ರಲ್ಲಿ ಹೊಸ ಕಾನೂನು ಪೂರ್ಣವಾಗಿ ಜಾರಿಗೆ ಬಂದಾಗ ಆ ಕೇರಿಯ ಹಳೆಯ ವ್ಯವಸ್ಥೆ ಕೊನೆಗೊಂಡಿತು. ರಾತ್ರಿಯ ವ್ಯಾಪಾರ ಬೇರೆ ಹೆಸರುಗಳಲ್ಲಿ ಮುಂದುವರಿಯಿತು.

ನಮ್ಮ ಪಂಪನೂ ಸೂಳೆಗೇರಿಯನ್ನು ವರ್ಣಿಸಿದ್ದಾನೆ. ಅಲ್ಲಿ ನಡೆದು ನೋಡುವವನು ಅರ್ಜುನ. ತರಗತಿಯಲ್ಲಿ ಆ ಭಾಗ ಬಂದರೆ ಮುಜುಗರದಿಂದ ಪುಟ ಮಗುಚುವ ಅಧ್ಯಾಪಕರುಂಟು. ಮಗುಚಬಾರದೆಂದು ನನ್ನ ಮತ. ಓದಿಸಬೇಕು, ಈ ಕೇರಿಯನ್ನು ನೋಡುತ್ತಿರುವ ಕಣ್ಣು ಯಾರದೆಂದು ವಿದ್ಯಾರ್ಥಿಗಳನ್ನು ಕೇಳಬೇಕು. ಅದರ ಜೊತೆಗೇ ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯನ್ನೂ ಓದಿಸಬೇಕು. ಆಕೆಯದೆಂದು ಉಳಿದಿರುವುದು ಒಂದೇ ವಚನ. ತನ್ನ ನಿಷ್ಠೆಯನ್ನು ಹೇಳಲು ಆಕೆ ತನ್ನ ವೃತ್ತಿಯ ಕರಾರಿನ ಭಾಷೆಯನ್ನೇ ಎತ್ತಿಕೊಳ್ಳುತ್ತಾಳೆ. ಹಣ ಕೊಟ್ಟವನಿಗೆ ಅಲ್ಲಿ ಮಾತೇ ಇಲ್ಲ. ಆಕೆ ನುಡಿಯುವುದು ದೇವರೊಡನೆ; ಆ ದೇವರನ್ನು ಕರೆಯುವುದು ನಿರ್ಲಜ್ಜೇಶ್ವರನೆಂದು.