ಹೆಬ್ಬೆಟ್ಟು ಒತ್ತುವ ಮುನ್ನ

ಶಿಕಾರಿಪುರ, ಸೊರಬ ಕಡೆಯ ಹಳ್ಳಿಗರ ಖಾಸಗಿ ಮಾಹಿತಿ ಬಹುಪಾಲು ಕೈದಾಟುವುದು ಸೇವಾ ಕೇಂದ್ರದ ಕೌಂಟರಿನಲ್ಲಿ. ಆನವಟ್ಟಿಯಲ್ಲಾಗಲಿ ಉಡುಗಣಿಯಲ್ಲಾಗಲಿ, ಅರ್ಜಿ ಹಾಕಲು ಬಂದವರು ಆಧಾರ್ ಜೆರಾಕ್ಸ್ ಕೊಡುತ್ತಾರೆ, ಓಟಿಪಿ ಹೇಳುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಪರದೆ ಮಾತ್ರ ಆಪರೇಟರ್ ಕಡೆಗಿರುತ್ತದೆ. ಯಾವುದಕ್ಕೆ ಒಪ್ಪಿಗೆ ಕೊಟ್ಟೆವೆಂಬುದು ಕೊಟ್ಟವರಿಗೇ ಕಾಣುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದಲು ಅವಕಾಶವಿರಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಬರಬೇಕು. ಆದರೆ 2025ರ ನವೆಂಬರ್‌ನಲ್ಲಿ ಹೊರಬಂದ ನಿಯಮಗಳು ಇದಕ್ಕೆ 18 ತಿಂಗಳ ಗಡುವು ಕೊಟ್ಟಿವೆ. ಸರ್ಕಾರದ ಸಹಾಯಧನ, ಸವಲತ್ತುಗಳ ವಿಷಯದಲ್ಲಂತೂ ಹಲವು ಸಂದರ್ಭಗಳಲ್ಲಿ ಹೊಸದಾಗಿ ಒಪ್ಪಿಗೆ ಕೇಳಬೇಕಾಗಿಯೇ ಇಲ್ಲ. ಸವಲತ್ತನ್ನೇ ನಂಬಿದ ಬಡವರಿಗೆ ಇದು ನ್ಯಾಯವಲ್ಲ.

ಬೆರಳಚ್ಚು ಪಾಸ್‌ವರ್ಡಿನಂತಲ್ಲ, ಕಳವಾದರೆ ಬದಲಿಸಲಾಗದು. ನೋಂದಾಯಿತ ಆಸ್ತಿಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲೇ ಬೆಳಕಿಗೆ ಬಂದವು. ಈ ಬಗೆಯ ವಂಚನೆಗೆ ಓಟಿಪಿಯೂ ಬೇಕಿರಲಿಲ್ಲ.

ಇದನ್ನು ತಡೆಯುವ ಬೀಗ ಆಧಾರ್‌ನಲ್ಲೇ ಇದೆ. ಅಧಿಕೃತ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿದರೆ ಬೆರಳು, ಕಣ್ಣು, ಮುಖ ಯಾವುದೂ ದೃಢೀಕರಣಕ್ಕೆ ನಡೆಯುವುದಿಲ್ಲ. ತೊಡಕಿರುವುದು ನ್ಯಾಯಬೆಲೆ ಅಂಗಡಿಯಲ್ಲಿ: ಅಕ್ಕಿಗಾಗಿ ಹೆಬ್ಬೆಟ್ಟು ಕೊಡಬೇಕಾದ ದಿನ ಬೀಗ ತಾತ್ಕಾಲಿಕವಾಗಿ ತೆಗೆಯಬೇಕು, ಅದಕ್ಕೆ ಓಟಿಪಿ ಬೇಕು. ಆಧಾರ್‌ಗೆ ಜೋಡಿಸಿದ ಸಿಮ್ ಬೆಂಗಳೂರಿನಲ್ಲಿರುವ ಮಗನ ಫೋನಿನಲ್ಲಿದ್ದರೆ ಸೊರಬದ ಅಜ್ಜಿ ಪ್ರತಿ ಸಲವೂ ಅವನಿಗೆ ಕರೆ ಮಾಡಬೇಕು. ಹಾಗಾಗಿ ಮೊದಲ ಕೆಲಸ ತನ್ನದೇ ನಂಬರನ್ನು ಆಧಾರ್‌ಗೆ ಸೇರಿಸಿಕೊಳ್ಳುವುದು. ಅರ್ಜಿ ತುಂಬಿಕೊಡುವ ಕೇಂದ್ರಗಳೇ ಬೀಗ ಹಾಕುವುದನ್ನೂ ತೆಗೆಯುವುದನ್ನೂ ಕಲಿಸಬೇಕು. ಹೆಬ್ಬೆಟ್ಟು ಕೇಳುವ ಮೊದಲು ಪರದೆಯನ್ನು ಇತ್ತ ತಿರುಗಿಸಿ ಕನ್ನಡದಲ್ಲಿ ಓದಿಹೇಳಬೇಕು.

ಗುರುತಿಗಷ್ಟೇ ಕೇಳಿದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಉದ್ದೇಶ, ತಾರೀಖು ಬರೆದುಕೊಡಬಹುದು. ಕಳೆದ 6 ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆಯೆಂದು ಅದೇ ಆಧಾರ್ ಆ್ಯಪ್‌ನ ದೃಢೀಕರಣ ಇತಿಹಾಸದಲ್ಲಿ ನೋಡಬಹುದು. ಗೊತ್ತಿಲ್ಲದೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಲಿಖಿತ ದೂರು ಕೊಡಬೇಕು.