ನಡುರಾತ್ರಿಯ ಮೆಟ್ರೊ

ನ್ಯೂಯಾರ್ಕಿನ ಸುರಂಗ ರೈಲು ಅಹೋರಾತ್ರಿ ಸಂಚರಿಸುತ್ತಿರುವಾಗ ಬೆಂಗಳೂರಿನ ಮೆಟ್ರೊ ಮಾತ್ರ ರಾತ್ರಿ ಹನ್ನೊಂದರ ಸುಮಾರಿಗೆ ಕೊನೆಯ ಗಾಡಿಯನ್ನು ಹೊರಡಿಸಿ ಬೆಳಗಿನ ಐದರವರೆಗೆ ಬಾಗಿಲು ಮುಚ್ಚುವುದೇಕೆಂಬ ಪ್ರಶ್ನೆ ನ್ಯಾಯವಾದುದೇ ಸರಿ. ಆದರೆ ಅದರ ಉತ್ತರವನ್ನು ಅಧಿಕಾರಿಗಳ ಔದಾಸೀನ್ಯದಲ್ಲಿ ಅರಸುವುದಕ್ಕೆ ಮೊದಲು ಹಳಿಗಳ ರಚನೆಯಲ್ಲಿ ಅರಸತಕ್ಕದ್ದು.

2011ರ ಅಕ್ಟೋಬರಿನಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಲಾರಂಭಿಸಿದ ಈ ರೈಲಿಗೆ ವಿದ್ಯುತ್ತು ಒದಗುವುದು ಮೇಲಿನ ತಂತಿಯಿಂದಲ್ಲ, ಹಳಿಗಳ ಮಗ್ಗುಲಲ್ಲಿಯೇ ಸಾಗುವ 750 ವೋಲ್ಟಿನ ಮೂರನೆಯ ಹಳಿಯಿಂದ. ಅದರಲ್ಲಿ ವಿದ್ಯುತ್ತು ಹರಿಯುತ್ತಿರುವಷ್ಟು ಹೊತ್ತು ಕೆಲಸಗಾರನು ಅಲ್ಲಿ ಕಾಲಿಡುವುದು ಪ್ರಾಣಾಪಾಯ. ಇರುವುದಾದರೂ ಹೋಗಲೊಂದು, ಬರಲೊಂದು, ಎರಡೇ ದಾರಿ. ಆದುದರಿಂದ ಕಡೆಯ ಗಾಡಿ ಡಿಪೊ ಸೇರಿದ ತರುವಾಯ, ಮೊದಲ ಗಾಡಿಗೆಂದು ವಿದ್ಯುತ್ತನ್ನು ಮತ್ತೆ ಹರಿಯಿಸುವುದರೊಳಗೆ ದೊರೆಯುವ ಕೆಲವೇ ಗಂಟೆಗಳಲ್ಲಿ, ಹಳಿಯ ಸವೆತ, ಸಡಿಲವಾದ ಬಿಗಿಪು, ಸಿಗ್ನಲ್ಲಿನ ದೋಷ, ಸುರಂಗದಲ್ಲಿ ಒಸರುವ ನೀರು ಇವೆಲ್ಲವನ್ನೂ ಪರೀಕ್ಷಿಸಿ ಸರಿಪಡಿಸಬೇಕಾಗುತ್ತದೆ. ನಗರವು ಹಗಲೆಲ್ಲ ನಿಶ್ಚಿಂತೆಯಿಂದ ಸಂಚರಿಸುವುದು ಈ ಅಜ್ಞಾತ ಶ್ರಮಿಕರ ಜಾಗರಣೆಯ ಬಲದಿಂದ.

ನ್ಯೂಯಾರ್ಕಿನ ಸ್ಥಿತಿ ಬೇರೆ. ಅಲ್ಲಿನ ಮುಖ್ಯ ಮಾರ್ಗಗಳಲ್ಲಿ ವೇಗದ ಗಾಡಿಗೆಂದೂ ನಿಧಾನದ ಗಾಡಿಗೆಂದೂ ಪ್ರತ್ಯೇಕ ಹಳಿಗಳುಂಟು. ಒಂದು ದುರಸ್ತಿಯಲ್ಲಿದ್ದರೆ ಗಾಡಿ ಇನ್ನೊಂದರ ಮೇಲೆ ಸಾಗುತ್ತದೆ. ಲಂಡನ್ನಿನಲ್ಲಿ 2016ರಲ್ಲಿ ರಾತ್ರಿಯ ಸಂಚಾರ ಮೊದಲಾದುದು ಕೆಲವು ಮಾರ್ಗಗಳಲ್ಲಿ, ಶುಕ್ರವಾರ ಶನಿವಾರಗಳಂದು ಮಾತ್ರ. ಇರುಳಿನಲ್ಲಿ ಅಲ್ಪಕಾಲವಷ್ಟೇ ವಿರಮಿಸುವ ಮುಂಬಯಿಯ ಲೋಕಲ್ ಗಾಡಿಗಳ ಹಳಿಗಳು ಸಂಚಾರವನ್ನು ತಡೆಹಿಡಿಯುವ ಭಾನುವಾರದ 'ಮೆಗಾ ಬ್ಲಾಕ್'ಗಳಲ್ಲಿ ತಮ್ಮ ಆರೈಕೆಯ ವೇಳೆಯನ್ನು ವಸೂಲು ಮಾಡಿಕೊಳ್ಳುತ್ತವೆ.

ಹಾಗೆಂದು ಇರುಳಿನ ಪಯಣಿಗನಿಗೆ ನಗರದ ಮೇಲೆ ಹಕ್ಕಿಲ್ಲವೆಂದು ಹೇಳಿ ಸುಮ್ಮನಾಗಲು ನನ್ನ ಮನಸ್ಸೊಪ್ಪದು. ತಂತ್ರಾಂಶ ಕಂಪನಿಗಳ ನೌಕರರನ್ನು ಪಾಳಿ ಮುಗಿದೊಡನೆ ಮನೆ ಮುಟ್ಟಿಸಲು ಕಂಪನಿಯ ವಾಹನವುಂಟು. ಆಸ್ಪತ್ರೆಯ ಆಯಾ, ಹೋಟೆಲಿನಲ್ಲಿ ಪಾತ್ರೆ ತೊಳೆದು ಹೊರಬರುವ ಹುಡುಗ, ಬೆಳಗಾಗುವ ಮೊದಲೇ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೂವು ಕೊಳ್ಳಲು ಬರುವ ಹೆಂಗಸು, ಇವರಿಗೆ ಇರುವುದು ಒಂದೂವರೆ ಪಾಲು ಬಾಡಿಗೆ ತೆರಬೇಕಾದ ಆಟೋ ಅಥವಾ ತಮ್ಮ ಕಾಲು. ಊರಿನ ಎಚ್ಚರಕ್ಕೆ ಆಧಾರರಾದ ಇವರ ಸಂಚಾರವನ್ನು ಲೆಕ್ಕಕ್ಕೆ ತಾರದ ಯೋಜನೆ ಅಪೂರ್ಣವೆಂದೇ ಹೇಳಬೇಕು.

ಅನುವು ಇರುವಲ್ಲಿ ಹೊತ್ತನ್ನು ವಿಸ್ತರಿಸಲು ಸಾಧ್ಯವೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವುಂಟು. ಊರುಗಳಿಂದ ಮರಳುವವರಿಗಾಗಿ ಸೋಮವಾರದ ಮೊದಲ ಗಾಡಿಯನ್ನು 2025ರಲ್ಲಿ ನಾಲ್ಕೂಕಾಲು ಗಂಟೆಗೆ ತರಲಾಯಿತು; ಹೊಸವರ್ಷದ ರಾತ್ರಿ ನಡುರಾತ್ರಿಯ ಆಚೆಗೂ ಗಾಡಿ ಓಡುತ್ತದೆ. ಭಾನುವಾರ ಸಂಚಾರ ಆರಂಭವಾಗುವುದು ಬೆಳಿಗ್ಗೆ ಏಳಕ್ಕೆ. ಅಂದಮೇಲೆ ಶನಿವಾರದ ಕೊನೆಯ ಗಾಡಿಯನ್ನು ಎರಡು ತಾಸು ಮುಂದಕ್ಕೆ ಹಾಕಿದರೂ ಹಳಿಯ ಆರೈಕೆಗೆ ಇತರ ದಿನಗಳಷ್ಟೇ ವೇಳೆ ಉಳಿಯುತ್ತದೆಯಷ್ಟೆ! ಉಳಿದ ರಾತ್ರಿಗಳಲ್ಲಿ, ಹಳಿಯ ಹಂಗಿಲ್ಲದ ನಗರ ಸಾರಿಗೆಯ ಬಸ್ಸು ಮೆಟ್ರೊ ಮಾರ್ಗವನ್ನೇ ಅನುಸರಿಸಿ, ಪ್ರತಿಯೊಂದು ನಿಲ್ದಾಣದ ಬಾಗಿಲಲ್ಲೂ ನಿಂತು, ಅರ್ಧ ಗಂಟೆಗೊಮ್ಮೆ ಬೆಳಗಿನವರೆಗೆ ಓಡಲಿ. ಮೊದಲಿಗೆ ಮಾದಾವರದಿಂದ ಮಾರುಕಟ್ಟೆಯ ಮೂಲಕ ಹೋಗುವ ಹಸಿರು ಮಾರ್ಗದ ಗುಂಟ.